ತಿಮಿಂಗಿಲದ ಮುಂಗೈ

ಲುಂಡ್, ಸ್ವೀಡನ್. ಮೇ ೨೦೦೬

ಅಕ್ಕಾ,
ಇಲ್ಲಿನ ಮ್ಯೂಸಿಯಂನಲ್ಲಿ ತಿಮಿಂಗಿಲದ ಮೂಳೆಗೂಡು ನೋಡಿದೆ. ಅದು ಈಜುವ ರೆಕ್ಕೆಯೊಳಗೆ ನಮ್ಮ ಕೈಯದೇ ಮೂಳೆಗಳಿವೆ: ತೋಳಿಗೊಂದು, ಮುಂಗೈಗೆರಡು, ಆಮೇಲೆ ಬೆರಳು. ಬಾವಲಿಯಲ್ಲೂ, ಕಲ್ಲಾಗಿ ಸಿಕ್ಕ ಹಳೇ ಮೂಳೆಗಳಲ್ಲೂ ಅದೇ ಜೋಡಣೆ. ಎಲ್ಲರ ಮೂಲ ಒಂದೇ ಎನ್ನಲು ಇದೇ ಸಾಕ್ಷಿಯಂತೆ.

ಫಲಕ ಓದದೆಯೇ ನಾನು ಕೀಲು ಗುರುತಿಸಿದ್ದು ಕಂಡು ಅಲ್ಲಿನ ವಿಜ್ಞಾನಿ, "ನೀವು ಡಾಕ್ಟರಾ?" ಅಂದಳು. "ಅಲ್ಲ, ನಮ್ಮಪ್ಪ ಸತ್ತ ದನ ಸುಲೀತಿದ್ದ" ಅಂದೆ. ಜೊತೆಗಿದ್ದ ಬೆಂಗಳೂರಿನ ಇಂಜಿನಿಯರು, "ಅದೆಲ್ಲ ಇಲ್ಯಾಕೆ ಸಾರ್?" ಎಂದು ಗೊಣಗಿದ. ಆಕೆ ಮಾತ್ರ ಅಪ್ಪ ಎಲ್ಲಿ ಚೂರಿ ಇಡುತ್ತಿದ್ದನೆಂದು ಕೇಳಿ ಬರೆದುಕೊಂಡಳು.

ನನ್ನ ಮಂಡಿನೋವು ತಗ್ಗಿದೆ.

ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಕೊಯ್ಯುವಾಗ ಜೊತೆಯವರು "ಕೊಯ್ಯೋದು ನಿಮ್ಮೋರಿಗೆ ಬಂದೇ ಬರುತ್ತಲ್ಲ" ಅಂತ ಆಡಿಕೊಂಡರೆಂದು ನಿನ್ನ ಮಗಳು ರಮಾ ಸೈನ್ಸ್ ಬಿಡುತ್ತಾಳಂತಲ್ಲ, ಬಿಡಕೂಡದು. ಇನ್ನೊಮ್ಮೆ ಅಂದರೆ, "ಹೌದು ಬರುತ್ತೆ, ಬಾ ಕಲಿಸ್ತೀನಿ" ಅನ್ನಲಿ.

ನಿನ್ನ ತಮ್ಮ,
ಮುನಿರಾಜು