ಮಠದಲ್ಲಿ ಕೈಗೆ ಎರೆದ ನೀರು

ಗುಂಡ್ಲುಪೇಟೆ

ಅವ್ವಾ, ಸುಖವಾಗಿ ತಲುಪಿದೆ. ಕಾಯಿಲೆಯ ಫಾದರನ್ನು ನೋಡಿಕೊಳ್ಳಲು ನಾನು ಬಂದಿರುವ ಈ ಬೆನೆಡಿಕ್ಟಿನ್ ಕ್ರೈಸ್ತ ಸನ್ಯಾಸಿಗಳ ಮಠದ ಸುತ್ತ ಸಂಸಾರಸ್ಥರೂ ಇದ್ದಾರೆ. ಗಂಡ, ಮಕ್ಕಳು, ನೌಕರಿ ಎಲ್ಲ ಇಟ್ಟುಕೊಂಡೇ ಸನ್ಯಾಸಿಗಳ ಜೊತೆ ಪ್ರಾರ್ಥಿಸುತ್ತಾರೆ, ತೋಟದಲ್ಲಿ ದುಡಿಯುತ್ತಾರೆ. ಮೊದಲ ದಿನ ಊಟಕ್ಕೆ ಮುಂಚೆ ಅವರಲ್ಲೊಬ್ಬರಾದ ಫಿಲೋಮಿನಾ ಟೀಚರು ನನ್ನ ಕೈಗೆ ನೀರು ಹಾಕಲು ಚೊಂಬು ಹಿಡಿದು ಬಂದರು. ಹಿಂದೆ ಹೋಟೆಲಿನವರು ನಮ್ಮ ಕೇರಿಯವರಿಗೆ ಲೋಟ ಕೊಡದೆ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರೆಂದು ನೀನು ಹೇಳಿದ್ದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡೆ.

"ಬಂದೋರಲ್ಲಿ ದೇವ್ರ ಕಾಣ್ಬೇಕು ಅನ್ನೋದು ನಮ್ ನೇಮ ಕಣಮ್ಮಿ, ಕೈ ಚಾಚು" ಅಂದರು. ತೊಳೆಸಿ, ತಾವೇ ಟವೆಲಿನಲ್ಲಿ ಒರೆಸಿದರು.

ನೀನು ಬೀಪಿ ಮಾತ್ರೆ ತಪ್ಪಿಸಬೇಡ. ನಿನ್ನೆ ಹೊಸಬರು ಊಟಕ್ಕೆ ಬಂದಾಗ ಟೀಚರು ಚೊಂಬನ್ನು ನನಗೇ ಕೊಟ್ಟರು. ಯಾರ ಪೈಕಿ ಎಂದು ಕೇಳದೆ ಎಲ್ಲರೂ ನನ್ನ ಮುಂದೆ ಕೈ ಒಡ್ಡಿದರು, ಅವ್ವಾ.

ಶಿವಲಕ್ಷ್ಮಿ