ಮೊದಲ ಪಾದ್ರಿಯ ಬೂಟು

ಗೋಕಾಕ, ಬುಧವಾರ
ಮಾರ್ಚ್ ೧೯೫೮

ಗೌರವದ ಫಾದರ್ ಮಿನೆಜಿಸ್ ಅವರಿಗೆ,

ನನ್ನ ಚಿತ್ರದಲ್ಲಿ ಬರಿಗಾಲಲ್ಲಿ ನಿಂತಿದ್ದ ಪಾದ್ರಿಗೆ ನನ್ನನ್ನು ಕೇಳದೆ ಬೂಟು ಬರೆಸಿದ್ದೀರಿ. ಇದು ಅನ್ಯಾಯ.

ನಿಮ್ಮ ಮಿಶನ್ನಿನ ಇತಿಹಾಸದ ಚಿತ್ರಪ್ರದರ್ಶನಕ್ಕೆ, ಗೋವೆಯಿಂದ ಈ ಸೀಮೆಗೆ ಬಂದ ಮೊದಲ ಪಾದ್ರಿಯನ್ನು ಬರೆದುಕೊಡು ಎಂದವರು ನೀವು. "ಘಟ್ಟದಾಗ ಅವರ ಬೂಟ ಹರದು ಹೋದವೋ ಯಲ್ಲಾರಿ, ಗೋಕಾವಿತನಕ ಬರಿಗಾಲಿಲೆ ಬಂದ್ರು" ಎಂದು ಕಣ್ಣೊರೆಸಿಕೊಂಡವರೂ ನೀವೇ. ಹೊಸ ಕಲೆಯ ಪದ್ಧತಿಯಂತೆ ಮುಖಕ್ಕೆ ಹಸಿರು ಬಳಿದೆ, ಮೂಗನ್ನು ಮುಕ್ಕೋನ ಮಾಡಿದೆ. ಅದಕ್ಕೆಲ್ಲ ತಲೆದೂಗಿದಿರಿ. ಒಡೆದ ಹಿಮ್ಮಡಿ ಕಂಡಾಗ ಮಾತ್ರ ನಿಮಗೆ ಬಿಷಪ್ಪರ ನೆನಪಾಯಿತು! ಕಲೆಗಾರನ ಕುಂಚ ಸುಳ್ಳಿನ ಮುಸುಕು ಹರಿಯಬೇಕೆಂದು ಹೊಸ ಕಲೆಯ ಬಗ್ಗೆ ನಾನು ಬರೆದ ಕಿರುಪುಸ್ತಿಕೆಯಿಂದ ಓದಿ ಹೇಳಿದರೆ, "ಹರಿಯೋ ತಮ್ಮಾ, ಬ್ಯಾಡ ಅನ್ನಂಗಿಲ್ಲ. ಆದ್ರ ರವಿವಾರ ಬಿಷಪ್ಪರು ಬರಾಕತ್ತಾರ" ಎಂದಿರಿ.

ಅಂಗಡಿ ಬೋರ್ಡು ಬರೆಯುವ ಕೆಂಚಪ್ಪನಿಗಾದರೂ ನಾಚಿಕೆ ಬೇಡವೇ? ಅವನು ಬರೆದದ್ದು ಎರಡೂ ಎಡಗಾಲಿನ ಬೂಟು. ಕೇಳಿದರೆ, "ಬೂಟಿನ ಲೇಸು ನೋಡಲೇ, ಒಂದೊಂದು ತೂತಿನ್ಯಾಗೂ ಹೋಗಿ ಬಂದೈತಿ" ಎಂದು ಎದೆ ಉಬ್ಬಿಸಿದ.

ನಿನ್ನೆ ನಡೆದದ್ದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಪ್ರದರ್ಶನ ಇಟ್ಟದ್ದು ಪ್ರಾರ್ಥನಾ ಮಂದಿರದಲ್ಲಿ. ಕೆರ ಹೊರಗೇ ಬಿಡಬೇಕೆಂದು ಬಾಗಿಲಿಗೆ ಹಲಗೆ ಹಾಕಿಸಿದವರು ನೀವು. ಕಾಯಿಪಲ್ಲೆ ಮಾರುವ ಕಾಡವ್ವ ಜೊತೆಯ ಹೆಂಗಸರೊಂದಿಗೆ ಒಳಗೆ ಬಂದವಳೇ ಚಿತ್ರ ನೋಡಿ ಸೊಂಟಕ್ಕೆ ಕೈಯಿಟ್ಟಳು. "ಏನೋ ಹಸರ ಮಾರ್ಯಾವನ, ನಮ್ಮ ಕೆರ ಹೊರಗ ಬಿಡಿಸಿ, ನೀ ಬೂಟ ಮೆಟ್ಟಿ ದೇವರ ಮುಂದ ನಿಂತೀಯಲ್ಲ! ತಗಿ ಮದಲ!" ಕೈಮುಗಿಯಲು ಬಂದವರು ಬೈದು ಹೋದರು. ನಿಮ್ಮ ಪಾದ್ರಿಯ ಪರವಾಗಿ ನಾನು ವಾದಿಸಬೇಕಾಯಿತು. ದೇವರನ್ನೇ ನಂಬದ ನಾನು!

ಈಗ, ನಿಮಗೆ ಹೇಳದೆ ಉಳಿದ ಮಾತು. ಆ ಕಾಲು ನನ್ನವ್ವ ಕರೆವ್ವನವು. ನಮ್ಮೂರು ದಡ್ಡಿಯಲ್ಲಿ, ಕೂಲಿ ಮುಗಿಸಿ ಬಂದವಳನ್ನು ಬೋರಲು ಹಾಕಿದ ಬುಟ್ಟಿಯ ಮೇಲೆ ಕೂರಿಸಿ ಬರೆದೆ. "ಮಾರಿ ಬಿಟ್ಟು ಕಾಲ ಬರೀತೀಯಲ್ಲೋ ಹುಚ್ಚಪ್ಯಾ" ಎಂದು ನಕ್ಕಿದ್ದಳು. ಊರ ಗುಡಿಯ ಹೊಸ್ತಿಲು ದಾಟಲು ಆ ಕಾಲನ್ನು ಇಂದಿಗೂ ಯಾರೂ ಬಿಟ್ಟಿಲ್ಲ. ಈಗ ಅವಳು ಕೇರಿಯ ತುಂಬ, "ಗೋಕಾವಿ ದೇವರ ಮನ್ಯಾಗ ನನ್ನ ಕಾಲ ಅದಾವ, ನೋಡಾಕ ಬರ್ರಿ" ಎಂದು ಹೇಳಿಕೊಂಡು ತಿರುಗಿದ್ದಾಳೆ. ರವಿವಾರ ಎಲ್ಲರನ್ನೂ ಕಟ್ಟಿಕೊಂಡು ಬರುತ್ತಾಳೆ. ಅವಳಿಗೆ ಕೆಂಚಪ್ಪನ ಲೇಸು ತೋರಿಸಲೇ ಫಾದರ್?

ಬಿಷಪ್ಪರು ಸಿಟ್ಟಾದರೆ ನನ್ನತ್ತ ಬೆರಳು ಮಾಡಿ. ಕೆಳಗಿನ ನನ್ನ ಬಣ್ಣ ಒಣಗಿದೆ, ಮೇಲಿನ ಅವನದು ಇನ್ನೂ ಹಸಿ. ಸೀಮೆಎಣ್ಣೆಯಲ್ಲಿ ಒರೆಸಿದರೆ ಹೋಗುತ್ತದೆ. ನಿಮ್ಮ ದೇವರು ನಿಮಗೆ ಅಷ್ಟು ಧೈರ್ಯ ಕೊಡಲಿ ಎಂದು ಮನಸಾರೆ ಹಾರೈಸುತ್ತೇನೆ.

ನಿಮ್ಮ ಮೇಲೆ ಸಿಟ್ಟೂ ಪ್ರೀತಿಯೂ ಇಳಿಯದ,
ಯಲ್ಲಾರಿ

ಸೀಮೆಎಣ್ಣೆ ನಾನು ತರುತ್ತೇನೆ, ಹಳೆಯ ಅರಿವೆ ನೀವು ತನ್ನಿ. ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ, ಮಂದಿರದ ಬಾಗಿಲಲ್ಲಿ.