ಮೂರನೇ ಪ್ಲೇಟು

ಮಿಯಾಪುರ
18 ಫೆಬ್ರವರಿ 2025, ಮಂಗಳವಾರ

ಅಪ್ಪಾ,

ನಾನು ಆರಾಮ ಇದ್ದೀನಿ. ಸಂಕ್ರಾಂತಿಗೆ ಕೊಡುತ್ತೇನೆ ಎಂದಿದ್ದ ಹಾಡಿನ ಪ್ಲೇಟುಗಳ ಪೆಟ್ಟಿಗೆ ಈಗ ಬರುತ್ತಿದೆ, ಬೇಜಾರಾಗಬೇಡ. ಅಚ್ಚು ತಡವಾಯಿತು ಅನ್ನಬಹುದಿತ್ತು, ಅದು ಸುಳ್ಳು. ಐದು ವಾರದಿಂದ ಅದು ನನ್ನ ಹಾಸ್ಟೆಲ್ ಮಂಚದ ಕೆಳಗಿತ್ತು. ಎರಡು ಸಲ ಮೆಹದಿಪಟ್ಟಣಂವರೆಗೆ ಹೊತ್ತು ತಂದು, ಮನೆಗೆ ಬಾರದೆ ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಹೋದೆ.

ಭಾನುವಾರ ಕನ್ನಡ ಸಂಘದಲ್ಲಿ ನಿನಗೆ ಶಾಲು ಹೊದಿಸುತ್ತಾರೆ, ಈ ಪೆಟ್ಟಿಗೆಯನ್ನು ಎಲ್ಲರ ಮುಂದೆ ಬಿಚ್ಚಿ ನಿನ್ನ ತಬಲಾ ಕೇಳಿಸುತ್ತಾರೆ ಎಂದು ಅವ್ವ ಫೋನಿನಲ್ಲಿ ಹೇಳಿದಳು. ನಿನ್ನ ತಬಲಾ ಕ್ಲಾಸಿನ ಹುಡುಗರೆಲ್ಲ ಬರುತ್ತಾರಂತೆ. ಅದಕ್ಕೇ ಬರೆಯಲು ಕೂತೆ.

'ಸೆವೆನ್ ಟೂಂಬ್ಸ್' ಪ್ಲೇಟಿನ ಕಥೆ ನನಗೆ ಬಾಯಿಪಾಠ. 1985ರಲ್ಲಿ ಕಾಲೇಜು ಹುಡುಗರು ಗಿಟಾರು, ಆರ್ಗನ್ನು ಇಟ್ಟುಕೊಂಡು ಪ್ಲೇಟಿನ ಒಂದು ಮಗ್ಗುಲಿನ ತುಂಬ ಒಂದೇ ಹಾಡು ಮಾಡಿದರು. ಅದರ ನಡುವೆ ಆರು ನಿಮಿಷ ಬರೀ ತಬಲಾ. ಹಳೆಯ ಕವರಿನ ಮೇಲೆ ತಬಲಾದವರ ಹೆಸರಿಲ್ಲ. "ಅದು ನಾನs. ಒಂದs ಸಲಕ್ಕ ಬಾರಿಸಿ ಎದ್ದು ಬಂದೀನಿ" ಎಂದು ನೀನು ಬಂದವರಿಗೆಲ್ಲ ಹೇಳುತ್ತಿದ್ದೆ. ನಿನ್ನ ಗೆಳೆಯ ರಾಮದಾಸ ಕಾಕಾ ಅಲ್ಲೇ ಕೂತಿರುತ್ತಿದ್ದರು. "ಇಂವಾ ಆವತ್ತು ಚಹಾ ತರಾಂವಾ" ಎಂದು ನಗುತ್ತಿದ್ದೆ. ಅವರೂ ನಗುತ್ತಿದ್ದರು.

ನಲವತ್ತನೇ ವರ್ಷಕ್ಕೆ ಇದನ್ನು ಹೊಸದಾಗಿ ತರುವವರು ಹಿಮಾಯತ್‌ನಗರದ ಮಹೇಶಕುಮಾರ ಸರ್. ಹಳೆಯ ಟೇಪು ಕೇಳಿ, ಎಷ್ಟನೇ ನಿಮಿಷಕ್ಕೆ ಯಾರು ಏನೆಂದರು, ಯಾರು ಬಾರಿಸಿದರು ಎಂದು ಬರೆಯುವ ಕೆಲಸ ನನ್ನದು. ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತವೆ ಎಂದು ಇಟ್ಟುಕೊಂಡರು. ಹತ್ತನೇ ಫೇಲು ಎಂದು ಮೊದಲೇ ಹೇಳಿದ್ದೆ. ಕಿವಿ ಪಾಸಾಗಿದ್ದರೆ ಸಾಕು ಅಂದರು. ನಿನ್ನ ಹೆಸರು ಈ ಸಲ ಅಚ್ಚಾಗುವ ಹಾಗೆ ನೋಡಿಕೊಳ್ಳಬೇಕೆಂದು ನೀನು ಅವ್ವನ ಕೈಲಿ ಹೇಳಿಸಿದ್ದೆಯಲ್ಲ, ನೋಡಿಕೊಂಡೆ.

ಪೆಟ್ಟಿಗೆಯಲ್ಲಿ ಮೂರು ಪ್ಲೇಟು, ನಲವತ್ತು ಪುಟದ ಪುಸ್ತಕ ಇವೆ. ಮೂರನೆಯದರಲ್ಲಿ ಆವತ್ತು ಕೈಬಿಟ್ಟದ್ದೆಲ್ಲ ಇದೆ, ನಡುವಿನ ಮಾತೂ ಸೇರಿ.

ಆ ಹಾಡು ಏಳು ಮಾತ್ರೆಯ ತಾಳದ್ದು. ನೀನು ಭಜನೆಯ ಕೈಯವನು, ಪ್ರತಿ ಸಲ ಎಂಟಕ್ಕೆ ಹೋಗುತ್ತೀ. ಗಿಟಾರು ಒಂದು ಕಡೆ, ನೀನು ಒಂದು ಕಡೆ. ಆರ್ಗನ್ನಿನವನು, ಗುಡಿಯಿಂದ ಯಾರನ್ನು ಎತ್ತಿಕೊಂಡು ಬಂದಿರಿ, ಪ್ರಸಾದ ಕೊಟ್ಟು ಕಳಿಸಿ ಎಂದು ಹಿಂದಿಯಲ್ಲಿ ಹೇಳುತ್ತಾನೆ. ಎಲ್ಲರೂ ನಗುತ್ತಾರೆ. ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸುವವನು ನೀನು. ಆಮೇಲೆ ಯಾರೋ ಬಾಗಿಲ ಹತ್ತಿರ ನಿಂತಿದ್ದ ರಾಮದಾಸ ಕಾಕಾನನ್ನು ಹೆಸರು ಹಿಡಿದು ಕರೆದು ಕೂರಿಸುತ್ತಾರೆ. ನೀನು, "ನಾ ಚಹಾ ತರ್ತೀನ್ರೀ" ಅನ್ನುತ್ತೀ. ಬಾಗಿಲು ಸಪ್ಪಳವಾಗುತ್ತದೆ. ಕಾಕಾ ಒಂದೇ ಸಲಕ್ಕೆ ಆರು ನಿಮಿಷ ಬಾರಿಸುತ್ತಾರೆ. ನೀನು ಮರಳಿ ಬರುವ ಹೊತ್ತಿಗೆ ಮುಗಿದಿದೆ, ಲೋಟದ ಸಪ್ಪಳವೂ ಟೇಪಿನಲ್ಲಿದೆ.

ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಟ್ಟೆ. ಪುಟ ಮೂವತ್ತೊಂದು, ತಬಲಾ: ರಾಮದಾಸ. ಕೈಬಿಟ್ಟ ಸರದಿಗಳಲ್ಲಿ ತಬಲಾ: ಚಂದ್ರಾಮ. ಈ ಚಂದ್ರಾಮ ನನ್ನ ತಂದೆ ಎಂದೂ ಸರ್‌ಗೆ ಹೇಳಿದೆ. ಅವರು, ಬೇಕಿದ್ದರೆ ಮಾತಿನ ಭಾಗ ತೆಗೆದುಬಿಡೋಣ ಅಂದರು. ಬೇಡ, ಇರಲಿ ಅಂದೆ.

ರಾಮದಾಸ ಕಾಕಾಗೆ ನಿನ್ನೆ ಫೋನು ಮಾಡಿದ್ದೆ. ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. "ಅವಂಗ ಬೇಕಿತ್ತವಾ, ನನಗ ಬೇಕಿರಲಿಲ್ಲ" ಅಂದರು. ಭಾನುವಾರ ಅವರೂ ಬರುತ್ತಾರೆ, ನೀನೇ ಕರೆದಿದ್ದೀಯಂತೆ, ಮುಂದಿನ ಸಾಲಿನಲ್ಲಿ ಕೂರಲು. ಸಂಘದವರಿಗೆ ಒಂದು ಪೆಟ್ಟಿಗೆ ಆಗಲೇ ತಲುಪಿದೆ. ಶಾಲು ಬೇಡ ಅನ್ನಲು ನಿನಗೆ ಇನ್ನೂ ನಾಲ್ಕು ದಿನ ಇದೆ.

ಅವ್ವನ ಮೊಣಕಾಲಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಲಿ. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ, ನಿನ್ನ ಕೈಬೆರಳು ಗಟ್ಟಿಯಾಗಿರಲಿ ಎಂದು ನಾನೇ ಹರಸುತ್ತೇನೆ.

ನಿನ್ನ ಮಗಳು,
ಭಾಗ್ಯಶ್ರೀ

ತಾ.ಕ.: ಮೂರನೇ ಪ್ಲೇಟಿನಲ್ಲಿ ನಿನ್ನ ಸರದಿಗೆಲ್ಲ ನಂಬರು ಹಾಕಿದ್ದೇನೆ. ಹದಿನೈದು. ಹದಿನಾಲ್ಕನೆಯದೂ ತಪ್ಪಿದ ಮೇಲೆ, "ಇನ್ನೊಂದs ಸಲಾ ಕೊಡ್ರಿ" ಅನ್ನುತ್ತೀ. ಆ ದನಿ ನನಗೆ ಗೊತ್ತು. ಆರು ವರ್ಷದ ಹಿಂದೆ ಗಣಿತದಲ್ಲಿ ಫೇಲಾಗಿ, ಸಪ್ಲಿಮೆಂಟರಿ ಫಾರ್ಮಿಗೆ ಸಹಿ ಕೇಳಲು ನಿನ್ನ ಮುಂದೆ ನಿಂತಾಗ ನನ್ನದೂ ಅದೇ ದನಿ. "ನಮ್ಮ ಮನ್ಯಾಗ ಎರಡನೇ ಸಲಾ ಅನ್ನೂದಿಲ್ಲ" ಎಂದು ನೀನು ಫಾರ್ಮು ಹರಿದೆ. ಟೇಪಿನ ಆ ಹುಡುಗರು ನಗುತ್ತಿದ್ದರು ಅಪ್ಪಾ, ಆದರೂ ನಿನಗೆ ಹದಿನೈದನೆಯದನ್ನೂ ಕೊಟ್ಟರು.